ಪರದೆಯ ಪಾಠಕ್ಕೆ ಕೈವಾರದ ಜೊತೆ

ಸಯನ್ ಪರಿಸರದಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳಿಗೆ ವೃತ್ತವೆಂಬುದು ಅಪರಿಚಿತವಾದ ಆಕೃತಿಯಲ್ಲ. ‘ಸಯನ್ ಸರ್ಕಲ್’ ಎಂಬ ಹೆಸರನ್ನು ಅವರು ಎಳವೆಯಿಂದಲೇ ಕೇಳುತ್ತ ಬಂದಿದ್ದಾರೆ. ಅಲ್ಲಿಂದ ಮಾಟುಂಗದ ಕಡೆಗೆ ಸಾಗಿದರೆ ಕಿಂಗ್ಸ್ ಸರ್ಕಲ್ಲಿನ ನಡುವೆ ದುಂಡಗಿನ ಮಾಹೇಶ್ವರಿ ಉದ್ಯಾನವೇ ಕಾಣಸಿಗುತ್ತದೆ. ಆದರೂ ಹತ್ತನೆಯ ತರಗತಿಯನ್ನು ಮುಟ್ಟುತ್ತಲೇ ಇದೇ ವೃತ್ತವು ಅನೇಕ ಮಕ್ಕಳಿಗೆ ಭಯಕಾರಣವಾಗುತ್ತದೆ. ಮಹಾರಾಷ್ಟ್ರದ ಪಠ್ಯಕ್ರಮದಲ್ಲಿ ರೇಖಾಗಣಿತಕ್ಕೆ 40 ಅಂಕಗಳ ಪ್ರತ್ಯೇಕ ಪ್ರಶ್ನಪತ್ರಿಕೆಯಿದೆ. ಅದರ ಮೂರನೆಯ ಅಧ್ಯಾಯವೇ ವೃತ್ತ. ಸ್ಪರ್ಶಕ, ಛೇದಕ, ಜ್ಯಾ, ಕಂಸ ಎಂದು ಪ್ರಮೇಯಗಳ ಸಾಲೇ ಅಲ್ಲಿ ಎದುರಾಗುತ್ತದೆ.

ಈ ಭಯಕ್ಕೆ ಇಂದು ಮನೆಮನೆಯಲ್ಲಿ ಕಂಡುಕೊಂಡಿರುವ ಪರಿಹಾರವೆಂದರೆ ಮೊಬೈಲಿನ ವೀಡಿಯೊ ಪಾಠ. ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆಯು 2017ರಲ್ಲಿ ಆರಂಭವಾಯಿತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಅನೇಕ ಮಕ್ಕಳಿಗೆ ಪರದೆಯೇ ಪಾಠಶಾಲೆಯಾಯಿತು. ಇದರ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ತರಗತಿಯಲ್ಲಿ ಎರಡನೆಯ ಸಲ ಕೇಳಲು ನಾಚುವ ಮಗುವು ಇಲ್ಲಿ ಅದೇ ಪಾಠವನ್ನು ಹತ್ತು ಸಲ ನೋಡಬಹುದು. ದುಬಾರಿ ಟ್ಯೂಶನ್ನಿನ ಶುಲ್ಕವನ್ನು ತೆರಲಾರದ ಸಂಸಾರಕ್ಕೂ ಒಳ್ಳೆಯ ಉಪಾಧ್ಯಾಯರ ಪಾಠವು ದೊರಕುತ್ತದೆ.

ಆದರೆ ನೋಡಿದ್ದೆಲ್ಲವೂ ಕಲಿತಂತಾಗುವುದಿಲ್ಲ. ಅರ್ಧವೃತ್ತದಲ್ಲಿನ ಕೋನವು ಲಂಬಕೋನವೆಂಬ ಪ್ರಮೇಯವನ್ನೇ ತೆಗೆದುಕೊಳ್ಳಬಹುದು. ವ್ಯಾಸದ ಎರಡು ತುದಿಗಳನ್ನು ವೃತ್ತದ ಮೇಲಿನ ಯಾವುದೇ ಒಂದು ಬಿಂದುವಿಗೆ ಸೇರಿಸಿದರೆ ತ್ರಿಭುಜವೊಂದು ಆಗುತ್ತದೆ. ಕೇಂದ್ರದಿಂದ ಆ ಬಿಂದುವಿಗೆ ಒಂದು ತ್ರಿಜ್ಯವನ್ನೆಳೆದರೆ ಅದು ಎರಡು ಸಮದ್ವಿಬಾಹು ತ್ರಿಭುಜಗಳಾಗಿ ಒಡೆಯುತ್ತದೆ. ಸಮಬಾಹುಗಳ ಎದುರಿನ ಕೋನಗಳು ಸಮವಾದುದರಿಂದ, ವೃತ್ತದ ಮೇಲಿನ ಕೋನವು ವ್ಯಾಸದ ತುದಿಗಳ ಎರಡು ಕೋನಗಳ ಮೊತ್ತಕ್ಕೆ ಸಮನಾಗುತ್ತದೆ. ಮೂರೂ ಕೂಡಿ 180 ಡಿಗ್ರಿ. ಅದರ ಅರ್ಧ 90. ಇಡಿಯ ಸಾಧನೆಯ ಜೀವಾಳವು ಆ ಒಂದು ಗೆರೆಯಲ್ಲಿದೆ. ವೀಡಿಯೊದಲ್ಲಿ ಉಪಾಧ್ಯಾಯರು ಅದನ್ನು ಕ್ಷಣಾರ್ಧದಲ್ಲಿ ಎಳೆದುಬಿಡುತ್ತಾರೆ. ಮಗುವು ತಲೆದೂಗಿ, ‘ಅರ್ಥವಾಯಿತು’ ಎನ್ನುತ್ತದೆ. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಿಚಾರವನ್ನು ಅದು ಮಾಡಿಯೇ ಇಲ್ಲ. ಮರುದಿನ ಬರಿಯ ಹಾಳೆಯ ಮುಂದೆ ಕುಳಿತಾಗ ಕೈ ಓಡುವುದಿಲ್ಲ.

ಸೂತ್ರಗಳ ಸಂಗತಿಯೂ ಹೀಗೆಯೇ. ವೃತ್ತದ ವಿಸ್ತೀರ್ಣವು ಪೈ ಗುಣಿಸು ತ್ರಿಜ್ಯದ ವರ್ಗ ಎಂದು ಬಾಯಿಪಾಠ ಮಾಡಿದವರು ಬಹಳ. ಕಾಗದದ ಬಿಲ್ಲೆಯೊಂದನ್ನು ಹದಿನಾರು ಸಮ ಹೋಳುಗಳನ್ನಾಗಿ ಕತ್ತರಿಸಿ, ಒಂದನ್ನು ಮೇಲೆ, ಒಂದನ್ನು ಕೆಳಗೆ ಮಾಡಿ ಹೊಂದಿಸಿದರೆ ಹೆಚ್ಚು ಕಡಿಮೆ ಒಂದು ಆಯತದ ಆಕಾರ ಬರುತ್ತದೆ. ಹೋಳುಗಳು ಸಣ್ಣದಾದಷ್ಟೂ ಅದು ಆಯತಕ್ಕೆ ಹತ್ತಿರವಾಗುತ್ತದೆ. ಅದರ ಉದ್ದ ಪರಿಧಿಯ ಅರ್ಧ, ಅಗಲ ತ್ರಿಜ್ಯ. ಒಮ್ಮೆ ಕೈಯಾರೆ ಇದನ್ನು ಮಾಡಿದ ಮಗುವು, ಸೂತ್ರವನ್ನು ಮರೆತರೂ ಮತ್ತೆ ಕಂಡುಕೊಳ್ಳಬಲ್ಲುದು. ತಾಳೆ ನೋಡದೆ ಖಾತೆಯನ್ನು ಮುಗಿಸಿದ ಗುಮಾಸ್ತನ ಸ್ಥಿತಿಯೂ, ಸಾಧಿಸಿ ನೋಡದೆ ಸೂತ್ರವನ್ನು ನಂಬಿದ ವಿದ್ಯಾರ್ಥಿಯ ಸ್ಥಿತಿಯೂ ಒಂದೇ.

ಇಂತಹ ಪಾಠಗಳಲ್ಲಿ ಜಗತ್ಪ್ರಸಿದ್ಧವಾದ ಖಾನ್ ಅಕಾಡೆಮಿಯ ಮೂಲವನ್ನು ಇಲ್ಲಿ ನೆನೆಯುವುದು ಉಚಿತ. ಅಮೆರಿಕದಲ್ಲಿ ಹೂಡಿಕೆ ಸಂಸ್ಥೆಯೊಂದರ ಉದ್ಯೋಗಿಯಾಗಿದ್ದ ಸಲ್ಮಾನ್ ಖಾನ್ – ಮುಂಬಯಿಯ ಚಿತ್ರನಟರಲ್ಲ – 2004ರಲ್ಲಿ ದೂರದ ಊರಿನಲ್ಲಿದ್ದ ಸೋದರಸಂಬಂಧಿ ಬಾಲಕಿಗೆ ದೂರವಾಣಿಯ ಮೂಲಕ ಗಣಿತ ಹೇಳಿಕೊಡಲಾರಂಭಿಸಿದರು. ವೀಡಿಯೊಗಳು ಹುಟ್ಟಿದ್ದು 2006ರಲ್ಲಿ. ಅಂದರೆ ಮೊದಲು ಇದ್ದುದು ಪ್ರಶ್ನೆ ಕೇಳುವ ಮಗು ಮತ್ತು ಉತ್ತರಿಸುವ ಆಪ್ತರು. ಪರದೆ ಬಂದುದು ಆಮೇಲೆ. ಇಂದು ಪರದೆ ಉಳಿದಿದೆ, ಆಪ್ತರು ಎದ್ದುಹೋಗಿದ್ದಾರೆ. ಕೊರತೆಯಿರುವುದು ಇಲ್ಲಿಯೇ.

ಮುಂಬಯಿಯ ಕನ್ನಡಿಗರಿಗೆ ಈ ಆಪ್ತತೆಯು ಹೊಸದೇನಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರು ಈ ನಗರದಲ್ಲಿ ಅಸಂಖ್ಯ. ಒಬ್ಬರಿಗೆ ತಿಳಿಯದುದನ್ನು ಪಕ್ಕದವರು ಹೇಳಿಕೊಡುತ್ತಿದ್ದರು. ಇಂದಿನ ತಾಯ್ತಂದೆಗಳು, ‘ಮಗ ಇಂಗ್ಲಿಷಿನಲ್ಲಿ ಓದುತ್ತಾನೆ, ನಮಗೇನು ತಿಳಿಯುತ್ತದೆ’ ಎಂದು ದೂರ ಸರಿಯುವುದುಂಟು. ಆದರೆ ಮಗನ ‘ರೇಡಿಯಸ್’ ತಾಯಿ ಕಲಿತ ತ್ರಿಜ್ಯವೇ ಅಲ್ಲವೆ? ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ಕ್ಷೇತ್ರಗಣಿತ’ವನ್ನು ಕನ್ನಡದಲ್ಲಿ ಬರೆದನು. ಗಣಿತಕ್ಕೆ ಕನ್ನಡ ಸಾಲದೆಂಬ ಸಂಕೋಚಕ್ಕೆ ಕಾರಣವಿಲ್ಲ. ಕನ್ನಡದ ವೀಡಿಯೊ ಪಾಠಗಳೂ ಈಗ ದೊರೆಯುತ್ತವೆ. ತಾಯಿ ಮಗ ಕೂಡಿ ಅವುಗಳನ್ನು ನೋಡಿದರೆ ಇಬ್ಬರಿಗೂ ಲಾಭ.

ಆರೋಗ್ಯದ ದೃಷ್ಟಿಯಿಂದಲೂ ಇದು ಹಿತಕರ. ಪರದೆಯನ್ನು ಎಡೆಬಿಡದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಗಳಿಗೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಸಲಹೆ ನೀಡುವುದುಂಟು. ಆ ವಿರಾಮದ ತರುವಾಯ ಮತ್ತೆ ಪರದೆಗೆ ಮರಳದೆ ಕೈವಾರವನ್ನು ಹಿಡಿಯುವುದು ಲೇಸು.

ಆದುದರಿಂದ ಪಾಲಕರು ಒಂದು ನಿಯಮವನ್ನು ಪಾಲಿಸಲಿ. ಪಾಠದಲ್ಲಿ ಆಕೃತಿ ಕಾಣಿಸಿಕೊಂಡ ಕೂಡಲೇ ವೀಡಿಯೊವನ್ನು ನಿಲ್ಲಿಸಲಿ. ಮುಂದಿನ ಗೆರೆಯನ್ನು ಮಗುವೇ ಎಳೆಯಲಿ. ತಪ್ಪಾದರೆ ಅಳಿಸಿ ಮತ್ತೆ ಎಳೆಯಲಿ. ಅನಂತರವೇ ಪಾಠ ಮುಂದುವರಿಯಲಿ. ಕನ್ನಡ ಸಂಘಗಳೂ ವಾರಕ್ಕೊಂದು ಸಂಜೆ ತಮ್ಮ ಸಭಾಗೃಹದ ಒಂದು ಮೂಲೆಯನ್ನು ಇಂತಹ ಮಕ್ಕಳಿಗಾಗಿ ಬಿಟ್ಟುಕೊಡಬಹುದು. ಒಂದು ಪರದೆ, ಹತ್ತು ಕೈವಾರಗಳು, ಲೆಕ್ಕ ಬಲ್ಲ ಇಬ್ಬರು ಹಿರಿಯರು – ಇಷ್ಟು ಸಾಕು. ಕೇಂದ್ರದಲ್ಲಿ ಮೊನೆಯೂರದೆ ಕೈವಾರವು ವೃತ್ತವನ್ನು ಬರೆಯಲಾರದು. ಮಗುವಿನ ಕಲಿಕೆಗೂ ಬಳಿಯಲ್ಲಿ ಊರಿ ನಿಲ್ಲುವವರೊಬ್ಬರು ಬೇಕು.