ಮುಚ್ಚಿಗೆಗೆ ತೂತು ಕೊರೆಯುವ ಮುನ್ನ

ಬೆಂಗಳೂರಿನಿಂದ ಮಗ ಕಳುಹಿಸಿದ ನಕ್ಷೆಯೊಂದು ಮೂರು ವಾರಗಳಿಂದ ನನ್ನ ಮೇಜಿನ ಮೇಲಿದೆ. ಸಿದ್ದಾಪುರ ತಾಲೂಕಿನ ನಮ್ಮ ಹಳೆಯ ಹಂಚಿನ ಮನೆಯ ದುರಸ್ತಿಯ ನಕ್ಷೆಯದು. ಅದರ ತುಂಬ ಸಣ್ಣ ಸಣ್ಣ ಸೊನ್ನೆಗಳು. ಕಂಬಗಳಿರಬೇಕೆಂದು ಎಣಿಸಿದೆ, 42 ಆದವು. ಇಷ್ಟು ಕಂಬ ಅರಮನೆಗೂ ಬೇಡವೆಂದುಕೊಂಡು ವಿಚಾರಿಸಿದರೆ, ಅವೆಲ್ಲ ಛಾವಣಿಯೊಳಗೆ ಹುದುಗಿಸುವ ದೀಪಗಳಂತೆ. ಶಿರಸಿ ಪೇಟೆಯಲ್ಲಿ ಅವನ್ನು ‘ಕನ್ಸೀಲ್ಡ್ ಲೈಟ್’ ಎನ್ನುತ್ತಾರೆ. ಜಗಲಿಗೆ ಜಿಪ್ಸಂ ಹಲಗೆಯ ಫಾಲ್ಸ್ ಸೀಲಿಂಗ್ ಹೊದಿಸಿ ದೀಪಗಳನ್ನು ಕೂರಿಸುವುದು. ನಡುಮನೆಯಲ್ಲಿ ನನ್ನ ಅಜ್ಜ ಹಾಕಿಸಿದ ಹಲಸಿನ ಹಲಗೆಯ ಮುಚ್ಚಿಗೆಗೇ ಮೂರಿಂಚಿನ 16 ತೂತುಗಳನ್ನು ಕೊರೆಯುವುದು.

ಮನೆಯ ಕೆಲಸ ಎಲ್ಲಿಗೆ ಬಂತೆಂದು ಹಳೆಯ ವಿದ್ಯಾರ್ಥಿಗಳಾದ ನೀವು ಕೇಳುತ್ತಲೇ ಇದ್ದೀರಿ. ಇಲ್ಲಿಗೇ ಬಂದು ನಿಂತಿದೆ. ನಾನು ಹಳೆಯದಕ್ಕೆ ಜೋತುಬಿದ್ದ ಮುದುಕನೆಂದು ಮಗನ ಆಕ್ಷೇಪ. ಅದರಲ್ಲಿ ಸ್ವಲ್ಪ ನಿಜವಿದ್ದೀತು. ಆದರೆ ಹೊಸ ದೀಪದ ಮೇಲೆ ನನಗೆ ದ್ವೇಷವಿಲ್ಲ. ಜೋಗದಲ್ಲಿ 1940ರ ದಶಕದ ಕೊನೆಗೇ ವಿದ್ಯುತ್ ಹುಟ್ಟಿದರೂ ಅದೇ ಹೊಳೆಯ ಆಚೆ ದಡದ ನಮ್ಮೂರು ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಓದಿತು. ಆ ಹೊಗೆಯನ್ನು ಕುಡಿದವನು ಕತ್ತಲೆಯನ್ನು ಹೊಗಳಲಾರ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಾಗ ಅತ್ಯಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಹಿಂದಿನ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ನನ್ನ ತಕರಾರೇನಿದ್ದರೂ ಅದನ್ನು ಎಲ್ಲಿ ಇಡುತ್ತೇವೆ ಎಂಬುದರ ಬಗ್ಗೆ.

ನಾವು ಚಿಕ್ಕವರಿದ್ದಾಗ ಅಡಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಗಳ ನಡುವೆ ಒಂದು ಲಾಟೀನು ಇರುತ್ತಿತ್ತು. ಬೆಳಕು ಸಾಲದು, ನಿಜ. ಆದರೆ ಇದ್ದಷ್ಟು ಬೆಳಕು ಕೈಯ ಮೇಲೆ ಬೀಳುತ್ತಿತ್ತು. ಎದುರಿಗೆ ಕುಳಿತು ಕಥೆ ಹೇಳುವವರ ಮುಖದ ಮೇಲೆ ಬೀಳುತ್ತಿತ್ತು. ಯಕ್ಷಗಾನದ ರಂಗಸ್ಥಳದಲ್ಲೂ ಹಿಲಾಲು, ಅನಂತರ ಗ್ಯಾಸ್‌ಲೈಟು, ವೇಷಧಾರಿಯ ಮುಂದೆ ಅಥವಾ ಪಕ್ಕದಲ್ಲಿರುತ್ತಿದ್ದವು. ನೆತ್ತಿಯ ಮೇಲಿಂದಷ್ಟೇ ಬೆಳಕು ಬಿಟ್ಟರೆ ಕಿರೀಟ ಮಿನುಗೀತು, ಕಣ್ಣು ನೆರಳಿಗೆ ಸರಿದೀತು. ಕಣ್ಣೇ ಕಾಣದ ವೇಷದಿಂದ ಯಾವ ರಸ ಹುಟ್ಟೀತು?

ಇದು ಬರಿಯ ರಸಿಕತೆಯ ಮಾತೆಂದು ನಾನೂ ತಿಳಿದಿದ್ದೆ, ಹೋದ ಕಾರ್ತಿಕದಲ್ಲಿ ಯಲ್ಲಾಪುರದ ಅಕ್ಕನ ಮನೆಗೆ ಹೋಗುವವರೆಗೆ. ಅವರ ಮನೆಯೂ ಹೊಸದಾಗಿ ನವೀಕರಣಗೊಂಡಿತ್ತು. ಕೆಳಗೆ ಕನ್ನಡಿಯಂಥ ಗ್ರಾನೈಟ್ ನೆಲ, ಮೇಲೆ ಸಾಲುದೀಪ. ಅಕ್ಕನಿಗೆ 82 ವರ್ಷ; ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ. ನಾನು ದೀಪದ ಕೆಳಗೇ ನಿಂತಿದ್ದರೂ ಗುರುತಿಸಲಿಲ್ಲ. ದನಿ ಕೇಳಿದ ಮೇಲೆ, “ನೀನನಾ ತಮ್ಮಾ, ನಿನ್ನ ಮುಖವೇ ಕಾಣ್ತಿಲ್ಲೆ” ಎಂದಳು. ಮರುದಿನ ಸಂಜೆ ಎಲ್ಲ ದೀಪಗಳೂ ಉರಿಯುತ್ತಿರುವಾಗಲೇ ಹೊಸ್ತಿಲು ಕಾಣದೆ ಎಡವಿ ಬಿದ್ದಳು. ಮಣಿಕಟ್ಟು ಮುರಿಯಿತು. ನೆಲದಲ್ಲಿ ಹೊಳೆಯುತ್ತಿದ್ದ ದೀಪಗಳ ಪ್ರತಿಬಿಂಬವನ್ನೇ ತಪ್ಪಿಸಿಕೊಂಡು ಹೆಜ್ಜೆಯಿಡುತ್ತಿದ್ದೆನೆಂದು ಆಸ್ಪತ್ರೆಯಲ್ಲಿ ಹೇಳಿದಳು. ಇಂದಿಗೂ ಆ ಕೈಯಿಂದ ಆಕೆಗೆ ಹೂ ಕಟ್ಟಲಾಗುವುದಿಲ್ಲ.

60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು. ಆದ್ದರಿಂದ ವಯಸ್ಸಾದವರಿಗೆ ಹೆಚ್ಚು ಬೆಳಕು ಬೇಕೆಂಬ ಮಗನ ವಾದ ಸರಿಯೇ. ಆದರೆ ಪೊರೆ ಬಂದ ಕಣ್ಣೊಳಗೆ ಬೆಳಕು ಚದುರುತ್ತದೆ. ಚುಚ್ಚುವ ಬಿಂದುಗಳು ಹೆಚ್ಚಿದಷ್ಟೂ ಕಾಣುವುದು ಕಡಿಮೆಯಾಗುತ್ತದೆ. ನಕ್ಷೆ ಬರೆದವನಿಗೆ ಮೂವತ್ತು ದಾಟಿರಲಿಕ್ಕಿಲ್ಲ.

ಇನ್ನು ಮಾಡಿನ ಸಂಗತಿ. ಹಂಚಿನ ಮನೆಯಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಗಗಳು ಹಂಚು ಒಡೆಯುತ್ತವೆ. ಆಷಾಢದ ಮಳೆಯಲ್ಲಿ ಎಲ್ಲಿ ತೊಟ್ಟಿಕ್ಕುತ್ತದೆಂದು ಜಗಲಿಯಲ್ಲಿ ಕುಳಿತೇ ಕಾಣುತ್ತದೆ. ಕೂಡಲೇ ಹತ್ತಿ ಹಂಚು ಸರಿಪಡಿಸುತ್ತೇವೆ. ನಡುವೆ ಜಿಪ್ಸಂ ಬಂದರೆ ನೀರು ಅದರ ಮೇಲೆ ಸದ್ದಿಲ್ಲದೆ ನಿಲ್ಲುತ್ತದೆ. ಹಲಗೆ ಉಬ್ಬಿ ಕಲೆ ಮೂಡುವಷ್ಟರಲ್ಲಿ ಮೇಲಿನ ರೀಪು, ಪಕಾಸಿಗಳು ಕುಂಬಾಗಿರುತ್ತವೆ. ಅಲ್ಲಿ ಇಲಿ ವೈರು ಕಡಿದರೂ, ಒರಲೆ ಹತ್ತಿದರೂ ನಮಗೆ ತಿಳಿಯದು. ಮೊದಲ ಮಳೆಗೆ ಏಳುವ ರೆಕ್ಕೆಯ ಹುಳುಗಳಂತೂ ದೀಪದ ಕುಳಿಯೊಳಗೇ ರಾಶಿಬೀಳುತ್ತವೆ.

ನಡುಮನೆಯ ಮುಚ್ಚಿಗೆಯ ಮೇಲಿರುವುದು ಮೆತ್ತು. ಅಲ್ಲಿ ಅಡಕೆಯ ಚೀಲಗಳಿರುತ್ತವೆ. ಎಲ್‌ಇಡಿ ತಣ್ಣಗಿನ ದೀಪವೆಂಬುದು ಅರ್ಧ ಸತ್ಯ. ಮುಂದೆ ಬೆಳಕು ಚೆಲ್ಲುತ್ತದೆ, ಶಾಖವನ್ನು ಬೆನ್ನಿಗೆ ಬಿಡುತ್ತದೆ, ಬೆನ್ನಿಗೆ ಗಾಳಿಯಾಡಬೇಕು. ಅದರ ಮೇಲೆ ಗೋಣಿಚೀಲ ಹೇರಿದರೆ ದೀಪಕ್ಕಿಂತ ಮೊದಲು ಅದರ ಡ್ರೈವರ್ ಸಾಯುತ್ತದೆ. ಆಮೇಲೆ ಅದೇ ಅಳತೆಯ ದೀಪ ಸಿಗದಿದ್ದರೆ ಮೂರಿಂಚಿನ ತೂತನ್ನು ನಾಲ್ಕಿಂಚು ಮಾಡಬೇಕು. ಹಲಸಿನ ಹಲಗೆ ಮತ್ತೆ ಬೆಳೆಯುವುದಿಲ್ಲ.

ಇಷ್ಟನ್ನೂ ಕಾಗದದಲ್ಲಿ ಬರೆದು ಕಳುಹಿಸಿದೆ. ಫೋನಿನಲ್ಲಿ ಹೇಳಹೋದರೆ ಇಬ್ಬರ ದನಿಯೂ ಏರುತ್ತದೆ. ಎಂಟು ದಿನ ಉತ್ತರವಿರಲಿಲ್ಲ. ಒಂಬತ್ತನೆಯ ದಿನ ಹೊಸ ನಕ್ಷೆ ಬಂತು. ಹೊಸದಾಗಿ ಕಟ್ಟುವ ಬಚ್ಚಲುಮನೆಯ ಛಾವಣಿಯಲ್ಲಿ ನೀರಾವಿ ಒಳನುಗ್ಗದಂತೆ ಮುಚ್ಚಿದ ಎರಡು ದೀಪಗಳು ಹುದುಗಿಕೊಂಡೇ ಇರುತ್ತವೆ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಅಲ್ಲಿ ತಲೆಗೆ ತಾಗುವಂತೆ ಏನೂ ಇರಬಾರದು. ಅಡಿಗೆಮನೆಯ ಕಟ್ಟೆಯ ಮೇಲೆ, ಕಪಾಟಿನ ಅಡಿಯಲ್ಲಿ ಒಂದು ಪಟ್ಟಿದೀಪ. ಮೆತ್ತಿನ ಏಣಿಮೆಟ್ಟಿಲಿಗೂ ಪ್ರತಿ ಹೊಸ್ತಿಲಿನ ಪಕ್ಕಕ್ಕೂ ಮೊಣಕಾಲೆತ್ತರದಲ್ಲಿ ಸಣ್ಣ ದೀಪಗಳು. ಇದು ಅವನದೇ ಯೋಚನೆ, ನನಗೆ ಹೊಳೆದಿರಲಿಲ್ಲ. ಜಗಲಿಗೂ ನಡುಮನೆಗೂ ಗೋಡೆಯ ದೀಪಗಳು, 3000 ಕೆಲ್ವಿನ್‌ನ ಹಳದಿ ಛಾಯೆಯವು. ಮುಚ್ಚಿಗೆಗೆ ತೂತಿಲ್ಲ.

ಅಡಿಗೆಮನೆಗೆ ಹಳದಿಯೋ ಬಿಳಿಯೋ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಅದನ್ನು ಸೊಸೆಯೂ ನನ್ನ ಹೆಂಡತಿಯೂ ಸೇರಿ ತೀರ್ಮಾನಿಸುತ್ತಾರೆ. ಸೋಮವಾರ ವೈರಿಂಗಿನವರು ಬರುತ್ತಾರೆ; ಕೆಲಸ ಮುಗಿದ ಮೇಲೆ ಅಕ್ಕನನ್ನು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆತರುವುದೆಂದು ಮಾತಾಗಿದೆ.