ದಪ್ಪ ತಂತಿಯಿಂದ ಬೇಸ್ ಹದಕ್ಕೆ ಬಾರದು

ಬೇಸ್ ಹೆಚ್ಚಿರುವ ದುಬಾರಿ ಹೆಡ್‌ಫೋನ್‌ನಿಂದ ಒಳ್ಳೆಯ ನಾದ ಬೇಕಾದರೆ ಬೆಲೆಬಾಳುವ ಕೇಬಲ್, ಆಂಪ್ಲಿಫೈಯರ್ ಕೊಳ್ಳಬೇಕು, ಈಕ್ವಲೈಜರ್ ಮುಟ್ಟುವುದು ಕಲಾವಿದರಿಗೆ ಬಗೆಯುವ ದ್ರೋಹ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಇದನ್ನು ನಾನು ಒಪ್ಪುವುದಿಲ್ಲ.

ದ್ರೋಹದ ಮಾತು ಮೊದಲು. ಧ್ವನಿಮುದ್ರಣವನ್ನು ಈಗಾಗಲೇ ಬದಲಿಸಿರುವುದು ಹೆಡ್‌ಫೋನೇ. ಉಬ್ಬಿದ ಬೇಸ್ ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುತ್ತದೆ; ಮೃದಂಗದ ಎಡಬದಿಯ ಗುಮುಕಿಯಡಿ ಗಾಯಕರ ಸಾಹಿತ್ಯವೇ ಮಸುಕಾಗುತ್ತದೆ. 100ರಿಂದ 250 ಹರ್ಟ್ಜ್ ನಡುವೆ ಮೂರ್ನಾಲ್ಕು ಡೆಸಿಬೆಲ್ ಇಳಿಸಿ ನೋಡಿ, ಮಾತು ಬಿಡಿಸಿಕೊಂಡು ಕೇಳುತ್ತದೆ. ಇಳಿಸುವುದೇ ಲೇಸು. ಏರಿಸಲೇಬೇಕಿದ್ದರೆ ಒಟ್ಟು ಮಟ್ಟವನ್ನು ಅಷ್ಟೇ ತಗ್ಗಿಸಬೇಕು, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ.

ಆಂಪ್ಲಿಫೈಯರ್ ಮುಖ್ಯ ಹೌದು, ಅದರ ಬೆಲೆಯಲ್ಲ. 32 ಓಮ್‌ನ ಹೆಡ್‌ಫೋನ್‌ಗೆ ಅದರ ಔಟ್‌ಪುಟ್ ಇಂಪೀಡೆನ್ಸ್ ನಾಲ್ಕು ಓಮ್‌ನೊಳಗಿದ್ದರೆ ಸಾಕು. ಅದು ತೀರಾ ಹೆಚ್ಚಿದರೆ ಹಲವು ಹೆಡ್‌ಫೋನ್‌ಗಳಲ್ಲಿ ಬೇಸ್ ಇನ್ನಷ್ಟು ಊದಿಕೊಳ್ಳುತ್ತದೆ. ಮೀಟರುದ್ದದ ಸುಸ್ಥಿತಿಯ ತಾಮ್ರದ ಕೇಬಲ್‌ಗಳ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸವಿರದು.

ಲೇಖನ ಮರೆತದ್ದು ಕಿವಿದಿಂಬನ್ನು. ಮುಚ್ಚಿದ ಹೆಡ್‌ಫೋನ್‌ನ ಆಳದ ಬೇಸ್ ನಿಂತಿರುವುದು ಅದರ ಬಿಗಿ ಹಿಡಿತದ ಮೇಲೆ. ನನ್ನ ಕನ್ನಡಕದ ದಪ್ಪ ಕಡ್ಡಿ ಮಾಡುತ್ತಿದ್ದ ಸಂದಿನಿಂದ ಬೇಸ್ ಸೋರುತ್ತಿತ್ತು. ತೆಳು ಕಡ್ಡಿಯ ಕನ್ನಡಕ ಹಾಕಿದೆ, ಮರಳಿ ಬಂತು. ಹಳೆಯ ದಿಂಬು ಸವೆದಿದ್ದರೆ ಬದಲಿಸಿ.

ಓದುಗರೇ, ಕೇಬಲ್‌ಗೆ ಹಣ ಸುರಿಯುವ ಮೊದಲು ದಿಂಬನ್ನೊಮ್ಮೆ ಕಿವಿಗೆ ಒತ್ತಿ ಹಿಡಿದು ಕೇಳಿ.