ವಿಮಾನಕ್ಕೂ ತೈಬಜಾರಿ: ಕಲಿಯುವವರಿಗೆ ಮಾಫಿ, ಮೆರೆಯುವವರಿಗೆ ರಶೀದಿ

ಸಂತೆಯಲ್ಲಿ ಕಾಯಿಪಲ್ಯೆ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಗಳಿಗೆ ತೈಬಜಾರಿ ಅಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನೆಲ ಸರ್ಕಾರದ್ದು, ಕೂತದ್ದಕ್ಕೆ ಸುಂಕ, ಅಷ್ಟೇ. ಹಳೇ ತಲೆಮಾರಿನ ಅಂಗಡಿಕಾರರಿಗೆ ಜಕಾತಿ ನಾಕಾದ ನೆನಪು ಇನ್ನೂ ಮಾಸಿಲ್ಲ. 1979ರಲ್ಲಿ ಜಕಾತಿ ಹೋಯಿತು, ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು; 2017ರಲ್ಲಿ ಜಿಎಸ್‌ಟಿ ಬಂದು ಅದನ್ನೂ ನುಂಗಿತು. ಹೆಸರು ಬದಲಾದರೂ ಕೊಡುವ ಕೈ ಮಾತ್ರ ಬದಲಾಗಲಿಲ್ಲ.

ಹೀಗೆ ಸುಂಕದ ಬಿಸಿ ಉಂಡ ಜನ ಕಲಬುರಗಿಯಿಂದ ಸೇಡಂ ರಸ್ತೆಯ ಬಸ್ಸು ಹತ್ತಿ ಹೋಗುವಾಗ ಕಿಟಕಿಯಿಂದ ತಲೆ ಎತ್ತಿ ನೋಡಿ ಕೇಳುವ ಪ್ರಶ್ನೆ ಒಂದಿದೆ. “ಮ್ಯಾಲ ಗುಂಯ್ ಅಂತ ತಿರಗತೈತಲ್ರಿ ಸಣ್ಣ ವಿಮಾನ, ಅದು ಕೆಳಗ ಇಳದರ ತೈಬಜಾರಿ ಎಷ್ಟ್ರೀ?” ನಗೆಯಾಡಿ ಕೇಳಿದ ಪ್ರಶ್ನೆಯೇ ಇರಬಹುದು. ಆದರೆ ಪ್ರಶ್ನೆ ಸುಳ್ಳಲ್ಲ. ವಿಮಾನಕ್ಕೂ ತೈಬಜಾರಿ ಇದೆ. ಅದನ್ನು ಯಾರಿಂದ ವಸೂಲು ಮಾಡಬೇಕು, ಯಾರಿಗೆ ಬಿಡಬೇಕು ಎಂಬುದರ ಮೇಲೆ ಸಣ್ಣ ನಿಲ್ದಾಣಗಳ ಹಣೆಬರಹ ನಿಂತಿದೆ.

ತೂಕದ ಮೇಲೆ ಸುಂಕ

ವಿಮಾನದ ಗಾಲಿ ನೆಲ ಮುಟ್ಟಿದರೆ ನಿಲ್ದಾಣದವರು ಹಾಕುವ ಶುಲ್ಕಕ್ಕೆ ಲ್ಯಾಂಡಿಂಗ್ ಚಾರ್ಜು ಎನ್ನುತ್ತಾರೆ. ರನ್‌ವೇ ಸವೆಯುತ್ತದೆ, ದೀಪ ಉರಿಯುತ್ತದೆ, ಬೆಂಕಿ ನಂದಿಸುವ ಬಂಡಿ ಸದಾ ಸಿದ್ಧ ಇರಬೇಕು. ಅದರ ಖರ್ಚಿಗೆ ಈ ಶುಲ್ಕ. ಲೆಕ್ಕ ಬಹುಪಾಲು ತೂಕದ ಮೇಲೆ. ವಿಮಾನ ಹೊತ್ತು ಏರಬಹುದಾದ ಗರಿಷ್ಠ ತೂಕ ಎಷ್ಟು ಟನ್ನೋ, ಟನ್ನಿಗೆ ಇಷ್ಟು ಎಂದು ದರ.

ಏರ್‌ಬಸ್ 320 ಎಂಬ ದೊಡ್ಡ ವಿಮಾನ 78 ಟನ್ನಿನ ಆಸುಪಾಸು ತೂಗುತ್ತದೆ. ಸಣ್ಣ ಊರುಗಳಿಗೆ ಬರುವ ಎಟಿಆರ್ 72 ಸುಮಾರು 23 ಟನ್. ಪೈಲಟ್ ಕಲಿಯುವ ಹುಡುಗ ಹುಡುಗಿಯರು ಓಡಿಸುವ ಸೆಸ್ನಾ 172 ವಿಮಾನವೋ? ಪೆಟ್ರೋಲು, ಇಬ್ಬರು ಮೂವರು ಮನುಷ್ಯರು ಎಲ್ಲಾ ಸೇರಿ ಒಂದು ಟನ್ನಿಗಿಂತ ತುಸು ಹೆಚ್ಚು. ಗಂಜ್‌ನಿಂದ ಬೇಳೆ ಚೀಲ ಹೇರಿಕೊಂಡು ಹೊರಟ ಟಾಟಾ ಏಸ್ ಗಾಡಿ ಅದಕ್ಕಿಂತ ಭಾರ!

ತೂಕದ ಲೆಕ್ಕ ನೋಡಿದರೆ ಹಗುರ ವಿಮಾನಕ್ಕೆ ಸುಂಕವೂ ಹಗುರ ಆಗಬೇಕು. ಆದರೆ ‘ತೂಕ ಎಷ್ಟೇ ಇರಲಿ, ಒಂದು ಸಲ ಇಳಿದರೆ ಕನಿಷ್ಠ ಇಷ್ಟು’ ಎಂಬ ಸಾಲೊಂದು ದರಪಟ್ಟಿಯಲ್ಲಿ ಸೇರಿಕೊಂಡರೆ ಲೆಕ್ಕ ತಲೆಕೆಳಗು. ಆಗ ಬುಟ್ಟಿಯವಳಿಗೂ ಲಾರಿಯವನಿಗೂ ಒಂದೇ ರಶೀದಿ.

ಯಾರಿಗೆ ಮಾಫಿ?

ಮಾಫಿ ಇಲ್ಲವೇ ಇಲ್ಲ ಎಂದಲ್ಲ. 80ಕ್ಕಿಂತ ಕಡಿಮೆ ಸೀಟಿನ, ವೇಳಾಪಟ್ಟಿಯಂತೆ ಹಾರುವ ದೇಶೀ ಕಂಪನಿಗಳ ವಿಮಾನಗಳಿಗೆ ಇಳಿಯುವ ಶುಲ್ಕ ಬಿಟ್ಟು ಎರಡು ದಶಕವಾಯಿತು. ಸಣ್ಣ ಊರಿಗೂ ವಿಮಾನ ಬರಲಿ ಎಂಬ ಉದ್ದೇಶ ಅದರದು. 2016ರಲ್ಲಿ ಬಂದ ಉಡಾನ್ ಯೋಜನೆ ಅದನ್ನು ಇನ್ನಷ್ಟು ಹಿಗ್ಗಿಸಿತು. ಆ ಯೋಜನೆಯ ವಿಮಾನಕ್ಕೆ ಇಳಿಯುವ ಶುಲ್ಕವೂ ಇಲ್ಲ, ನಿಲ್ಲಿಸಿದ್ದಕ್ಕೆ ಬಾಡಿಗೆಯೂ ಇಲ್ಲ. ಮೇಲಾಗಿ ನಷ್ಟ ತುಂಬಲು ಮೂರು ವರ್ಷ ಸರ್ಕಾರದ ಸಹಾಯಧನ. ಅದರಲ್ಲಿ ರಾಜ್ಯದ ಪಾಲು ಶೇಕಡಾ 20.

ಇನ್ನು ಹಲವು ನಿಲ್ದಾಣಗಳ ದರಪಟ್ಟಿಯಲ್ಲಿ ಹೆಲಿಕಾಪ್ಟರ್‌ಗಳಿಗೂ ಮಾಫಿ. ಚುನಾವಣೆ ಬಂದರೆ ಸಾಕು, ಊರೂರಿಗೆ ಧೂಳೆಬ್ಬಿಸಿಕೊಂಡು ಇಳಿಯುತ್ತವಲ್ಲ, ಆ ಜಾತಿಯವೇ. ಬುಟ್ಟಿಗೆ ಸುಂಕ, ಹೆಲಿಕಾಪ್ಟರಿಗೆ ಮಾಫಿ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅಧಿಕೃತ ತರಬೇತಿ ಶಾಲೆಗಳ ವಿಮಾನಗಳಿಗೂ ದೊಡ್ಡ ನಿಲ್ದಾಣಗಳ ದರಪಟ್ಟಿಗಳಲ್ಲಿ ವಿನಾಯಿತಿ ಕಾಣುತ್ತದೆ. ಇದು ಒಳ್ಳೇ ಮಾತು. ಆದರೆ ದೊಡ್ಡ ನಿಲ್ದಾಣದಲ್ಲಿ ಕಲಿಯುವವರಿಗೆ ಜಾಗವೇ ಇಲ್ಲ. ಕಲಿಕೆ ನಡೆಯುವುದು ಕಲಬುರಗಿ, ಬೆಳಗಾವಿಯಂಥ ಕಡೆ. ಮಾಫಿ ಗಟ್ಟಿಯಾಗಿ ನಿಲ್ಲಬೇಕಾದ್ದು ಇಲ್ಲಿ.

ಊರಿಗೆ ಬಂದ ಶಾಲೆ

ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆ ಆದದ್ದು 2019ರ ನವೆಂಬರ್ 22ರಂದು. ಶ್ರೀನಿವಾಸ ಸರಡಗಿ ಹತ್ತಿರ 740ಕ್ಕೂ ಹೆಚ್ಚು ಎಕರೆ ನೆಲ, 3 ಕಿಲೋಮೀಟರಿಗೂ ಉದ್ದದ ರನ್‌ವೇ. ತೊಗರಿ ಬೆಳೆಯುವ ನಾಡಿನಲ್ಲಿ ಇಷ್ಟು ನೆಲ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅಷ್ಟುದ್ದದ ರನ್‌ವೇ ಮೇಲೆ ದಿನಕ್ಕೆ ಒಂದೋ ಎರಡೋ ವಿಮಾನ ಬಂದು ಹೋದರೆ ಉಳಿದ ಹೊತ್ತು ಡಾಂಬರು ಬಿಸಿಲು ಕಾಯಿಸುತ್ತ ಬಿದ್ದಿರಬೇಕಾಗುತ್ತದೆ.

ಈ ಖಾಲಿ ಹೊತ್ತಿಗೆ ಕೆಲಸ ಕೊಟ್ಟದ್ದು ತರಬೇತಿ. ವಿಮಾನ ನಿಲ್ದಾಣ ಪ್ರಾಧಿಕಾರ 2020ರಲ್ಲಿ ತರಬೇತಿ ಶಾಲೆಗಳ ನಿಯಮ ಸಡಿಲಿಸಿತು. ಗಳಿಕೆಯಲ್ಲಿ ಪಾಲು ಕೇಳುವುದನ್ನು ಬಿಟ್ಟಿತು, ನೆಲದ ಬಾಡಿಗೆಯನ್ನೂ ಇಳಿಸಿತು. 2021ರಲ್ಲಿ ಶಾಲೆಗಳಿಗೆ ಜಾಗ ಕೊಟ್ಟ ಮೊದಲ ಐದು ನಿಲ್ದಾಣಗಳೆಂದರೆ ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ, ಲೀಲಾಬರಿ. ಐದರಲ್ಲಿ ಎರಡು ಕರ್ನಾಟಕದವೇ.

ಶಾಲೆ ಬಂದರೆ ಊರಿಗೇನು ಲಾಭ ಎಂದು ಅಂಗಡಿಕಾರರಿಗೆ ಹೇಳಿಕೊಡಬೇಕಿಲ್ಲ. ಕಲಿಯಲು ಬಂದವರಿಗೆ ರೂಮು ಬೇಕು, ಮೆಸ್ಸು ಬೇಕು, ಬಟ್ಟೆ ಇಸ್ತ್ರಿ ಆಗಬೇಕು, ಆಟೋ ಬೇಕು, ಝೆರಾಕ್ಸ್ ಬೇಕು. ವಿಮಾನಕ್ಕೆ ಮೆಕ್ಯಾನಿಕ್ ಬೇಕು, ಕಾವಲುಗಾರ ಬೇಕು. ಬೆಳಗ್ಗೆ ಬಂದು ಸಂಜೆ ಹಾರಿಹೋಗುವ ಪ್ರಯಾಣಿಕ ಒಂದು ಚಹಾ ಕುಡಿದಾನು. ವರ್ಷಗಟ್ಟಲೆ ಇರುವ ವಿದ್ಯಾರ್ಥಿ ಊರಲ್ಲೇ ಉಣ್ಣುತ್ತಾನೆ.

ಲೆಕ್ಕ ಹಾಕಿ ನೋಡಿ

ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಏರುವುದು ಇಳಿಯುವುದನ್ನೇ ಕಲಿಯುವ ಪಾಠ ಸಾಕಷ್ಟಿದೆ. ಏರು, ಒಂದು ಸುತ್ತು ಹಾಕು, ಗಾಲಿ ಮುಟ್ಟಿಸು, ಮತ್ತೆ ಏರು. ಗಂಟೆಗೆ ಆರು ಸಲವಾದರೂ ಆದೀತು. ಇಂಥ ಪಾಠಕ್ಕೆ 50 ಗಂಟೆ ಎಂದು ಇಟ್ಟುಕೊಂಡರೆ 300 ಇಳಿತ. ಉದಾಹರಣೆಗೆ, ಇಳಿತಕ್ಕೆ ಬರೀ 100 ರೂಪಾಯಿ ಎಂದರೂ 30,000 ರೂಪಾಯಿ. ‘ಕನಿಷ್ಠ 1,000’ ಎಂದು ಒಬ್ಬ ಗುಮಾಸ್ತ ಬರೆದುಬಿಟ್ಟರೆ 3 ಲಕ್ಷ!

ಇನ್ನೊಂದು ನಿಯಮವೂ ಇದೆ. ಲೈಸೆನ್ಸು ಬೇಕಾದವರು 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರು, ಒಂಟಿಯಾಗಿ ಹಾರಿ, ದಾರಿಯಲ್ಲಿ ಬೇರೆ ಎರಡು ಕಡೆ ಪೂರ್ತಿ ಇಳಿದು ತೋರಿಸಬೇಕು. ಪರ ಊರಿನ ನಿಲ್ದಾಣದಲ್ಲಿ ಇಳಿಯುವುದು ಶೋಕಿಗಲ್ಲ, ಪರೀಕ್ಷೆಗೆ. ಸೈಕಲ್ ಕಲಿಯುವ ಹುಡುಗ ಬಿದ್ದಾಗಲೆಲ್ಲ ರಸ್ತೆಯವರು ರೊಕ್ಕ ಕೇಳಿದರೆ ಯಾವ ಹುಡುಗ ಸೈಕಲ್ ಕಲಿತಾನು?

ಅದೂ ಅಲ್ಲದೆ ಈ ಚಿಲ್ಲರೆ ವಸೂಲಿಗೆ ಒಬ್ಬ ಲೆಕ್ಕ ಬರೆಯಬೇಕು, ಒಬ್ಬ ಬಿಲ್ಲು ಕಳಿಸಬೇಕು, ಒಬ್ಬ ಬಾಕಿಗೆ ಬೆನ್ನು ಹತ್ತಬೇಕು. ಮೂಗಿಗಿಂತ ಮೂಗುತಿ ಭಾರ. ಅಮೆರಿಕದ ಬಹುಪಾಲು ಸಣ್ಣ ನಿಲ್ದಾಣಗಳು ಹಗುರ ವಿಮಾನಕ್ಕೆ ಇಳಿಯುವ ಶುಲ್ಕ ಹಾಕದೆ ಇಂಧನ ಮಾರಾಟ, ಶೆಡ್ಡಿನ ಬಾಡಿಗೆಯಲ್ಲಿ ಹಣ ಕಾಣುವುದು ಇದೇ ಕಾರಣಕ್ಕೆ. ಬ್ರಿಟನ್ನಿನ ಹುಲ್ಲು ಮೈದಾನದ ಎಷ್ಟೋ ಏರ್‌ಫೀಲ್ಡ್‌ಗಳಲ್ಲಿ ಗುಡಿ ಹುಂಡಿಯಂಥ ಪೆಟ್ಟಿಗೆ ಇಟ್ಟಿರುತ್ತಾರೆ. ಇಳಿದವನು ತಾನೇ ರೊಕ್ಕ ಹಾಕಿ ಹೋಗುತ್ತಾನೆ. ಅಲ್ಲಿ ವಸೂಲಿಗೆ ಆಳೂ ಇಲ್ಲ, ಖರ್ಚೂ ಇಲ್ಲ.

ಸುಂಕಕ್ಕೆ ಹೆದರಿ ಜೀವ ಕಳಕೊಳ್ಳಬೇಕೆ?

ಎಲ್ಲಕ್ಕಿಂತ ದೊಡ್ಡ ಮಾತು ಜೀವದ್ದು. ಮೇ ತಿಂಗಳ ಮಧ್ಯಾಹ್ನ ಈ ಭಾಗದಲ್ಲಿ ಎದ್ದು ಬರುವ ಗಾಳಿ, ಧೂಳು, ಗುಡುಗು ಎಲ್ಲರಿಗೂ ಗೊತ್ತು. ಒಂದು ಟನ್ನಿನ ವಿಮಾನಕ್ಕೆ ಅದರ ಮುಂದೆ ನಿಲ್ಲುವ ತಾಕತ್ತಿಲ್ಲ. ಮುಂದೆ ಮೋಡ ಕಂಡರೆ ಹತ್ತಿರದ ನಿಲ್ದಾಣಕ್ಕೆ ತಿರುಗಿಸಿ ಇಳಿಸುವುದೇ ಜಾಣತನ. ಆ ಹೊತ್ತಿಗೆ ಇಪ್ಪತ್ತರ ಹುಡುಗನ ತಲೆಯಲ್ಲಿ ‘ಅಲ್ಲಿ ಇಳಿದರೆ ಬಿಲ್ಲು ಎಷ್ಟು ಬರುತ್ತದೋ, ಶಾಲೆಯವರು ಏನಂತಾರೋ’ ಎಂಬ ಯೋಚನೆ ಬಂದರೆ ಗತಿ ಏನು?

ಇದು ಕಟ್ಟುಕತೆಯಲ್ಲ. 1985ರಿಂದ 1994ರವರೆಗಿನ ಸಣ್ಣ ವಿಮಾನಗಳ ಮಾರಕ ಅಪಘಾತಗಳನ್ನು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಪರಿಶೀಲಿಸಿತು. ಸಕಾಲಕ್ಕೆ ದಾರಿ ಬದಲಿಸಿ ಇಳಿದಿದ್ದರೆ ಕೆಲವು ಅಪಘಾತ ತಪ್ಪುತ್ತಿದ್ದವು, ಆದರೆ ಹೇಗಾದರೂ ಮುಂದೆ ಹೋಗಿಬಿಡೋಣ ಎಂಬ ಹುಂಬತನ ಪೈಲಟರಲ್ಲಿ ಬೇರೂರಿದೆ ಎಂದು ಕಂಡುಬಂತು. ಅದಾದ ಮೇಲೆ ಅಲ್ಲಿನ ಪೈಲಟರ ಸಂಘದ ಚಾರ್ಲ್ಸ್ ಸ್ಟ್ರಾಸರ್ ಎಂಬುವರು ನಿಲ್ದಾಣ ನಿಲ್ದಾಣಕ್ಕೂ ಬೆನ್ನು ಬಿದ್ದು, ಆಪತ್ತಿನಲ್ಲಿ ಬಂದಿಳಿದ ಹಗುರ ವಿಮಾನಕ್ಕೆ ಶುಲ್ಕ ಬೇಡ ಎಂದು ಒಪ್ಪಿಸಿದರು. 200ಕ್ಕೂ ಹೆಚ್ಚು ಏರ್‌ಫೀಲ್ಡ್‌ಗಳು ಅವರ ಹೆಸರಿನ ಆ ಯೋಜನೆಗೆ ಸೇರಿದವು. ಸರ್ಕಾರದ ಒಂದು ಪೈಸೆ ಖರ್ಚಿಲ್ಲದೆ ಆದ ಕೆಲಸ ಇದು.

ಇಲ್ಲಿಯೂ ಎಚ್ಚರಿಕೆ ಸಿಕ್ಕಿದೆ. 2023ರ ಮೇ ಕೊನೆಗೆ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳ ಹತ್ತಿರದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಉಳಿದರು. ಅದು ಯಂತ್ರದ ತೊಂದರೆ, ಸುಂಕದ್ದಲ್ಲ, ನಿಜ. ಆದರೆ ಆಪತ್ತು ಹೇಳಿ ಕೇಳಿ ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ನಿಯಮ ಮೊದಲೇ ಬರೆದಿಟ್ಟಿರಬೇಕು.

“ಸಾವ್ಕಾರ್ರ ಮಕ್ಕಳಿಗೆ ಯಾಕ್ರೀ ಮಾಫಿ?”

ಹೀಗೆ ಕೇಳುವವರು ಇದ್ದಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಪೈಲಟ್ ಕಲಿಕೆಗೆ ಲಕ್ಷ ಲಕ್ಷ ಸುರಿಯಬೇಕು. ಕೂಲಿಯವನ ಮಗ ಅತ್ತ ಸುಳಿಯುವಂತಿಲ್ಲ. ಆದರೆ ಖರ್ಚು ಹೆಚ್ಚಿಸಿದಷ್ಟೂ ಅದು ಸಾವ್ಕಾರರ ಮಕ್ಕಳ ಸೊತ್ತೇ ಆಗಿ ಉಳಿಯುತ್ತದೆ. ಹೊಲ ಮಾರಿಯೋ ಬ್ಯಾಂಕಿನ ಸಾಲ ತೆಗೆದೋ ಮಗಳನ್ನು ಕಳಿಸುವ ಮಾಸ್ತರರಿಗೆ ಒಂದೊಂದು ಸಾವಿರವೂ ಭಾರ. ಶಾಲೆಯವರು ನೆಲದ ಬಾಡಿಗೆ ಕೊಡಲಿ, ಶೆಡ್ಡಿನ ಬಾಡಿಗೆ ಕೊಡಲಿ, ಇಂಧನದ ತೆರಿಗೆ ಕೊಡಲಿ. ಗಾಲಿ ಮುಟ್ಟಿದ್ದಕ್ಕೆಲ್ಲ ಕೈ ಚಾಚುವುದು ಬೇಡ.

ಕೊಡಬೇಕಾದವರು ಬೇರೆ ಇದ್ದಾರೆ. ಎಂಟು ಹತ್ತು ಜನ ಕೂರುವ ಬಾಡಿಗೆ ಜೆಟ್ಟಿನಲ್ಲಿ ಮದುವೆಗೋ, ವ್ಯವಹಾರಕ್ಕೋ, ಪಕ್ಷದ ಸಭೆಗೋ ಬಂದಿಳಿಯುವವರು. ಅವರ ಜೆಟ್ಟು ತರಬೇತಿ ವಿಮಾನದ ಐದರಿಂದ ಹತ್ತು ಪಟ್ಟು ತೂಕ. ಅವರಿಗೆ ರಶೀದಿ ಸರಿಯಾಗಿ ಬೀಳಲಿ, ಒಂದು ಪೈಸೆ ಬಿಡುವುದು ಬೇಡ. ಹೆಲಿಕಾಪ್ಟರಿನ ಮಾಫಿಯೂ ರೋಗಿ ಒಯ್ಯಲು, ನೆರೆ ಬಂದಾಗ ಜನರನ್ನು ಎತ್ತಲು ಇರಲಿ, ಪ್ರಚಾರಕ್ಕೆ ಬೇಡ.

ದರ ಕಟ್ಟುವವರು ಯಾರು?

ಇಲ್ಲಿದೆ ಗಂಟು. ವರ್ಷಕ್ಕೆ 35 ಲಕ್ಷಕ್ಕಿಂತ ಹೆಚ್ಚು ಪ್ರಯಾಣಿಕರಿರುವ ದೊಡ್ಡ ನಿಲ್ದಾಣಗಳ ದರ ನಿಗದಿಗೆ ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರವಿದೆ. ಅದು ಕರಡು ಪ್ರಕಟಿಸುತ್ತದೆ, ಸಂಬಂಧಪಟ್ಟವರ ಮಾತು ಕೇಳುತ್ತದೆ, ಆಮೇಲೆ ಆದೇಶ ಹೊರಡಿಸುತ್ತದೆ. ಸಣ್ಣ ನಿಲ್ದಾಣಗಳು ಸಾಮಾನ್ಯವಾಗಿ ಈ ಜಾಲರಿಯಿಂದ ಹೊರಗೆ. ಅಲ್ಲಿ ದರ ದಿಲ್ಲಿಯ ಕಚೇರಿಯಲ್ಲಿ ತಯಾರಾಗಿ ಬರುತ್ತದೆ, ಊರಿನವರಿಗೆ ಗೊತ್ತಾಗುವುದಿಲ್ಲ.

ಈಗ ರಾಜ್ಯವೂ ನಿಲ್ದಾಣ ನಡೆಸುವ ಕಸುಬಿಗೆ ಇಳಿದಿದೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣದ ಹೊಣೆ ರಾಜ್ಯದ್ದೇ. ವಿಜಯಪುರ, ರಾಯಚೂರು, ಹಾಸನಗಳ ಕೆಲಸಕ್ಕೂ ರಾಜ್ಯ ಕೈ ಹಾಕಿದೆ. ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲೇ ವಿಮಾನ ತರಬೇತಿ ಶಾಲೆ ತೆರೆದ ರಾಜ್ಯ ಇದು. ಕಲಿಯುವವರ ಕಷ್ಟ ಇದಕ್ಕೆ ತಿಳಿಯದೆಂದರೆ ಯಾರು ನಂಬುತ್ತಾರೆ?

ಆಗಬೇಕಾದ್ದು ನಾಲ್ಕೇ ಕೆಲಸ. ಒಂದು, ರಾಜ್ಯದ ಎಲ್ಲ ಸಣ್ಣ ನಿಲ್ದಾಣಗಳಲ್ಲಿ ತರಬೇತಿ ವಿಮಾನಕ್ಕೆ ಇಳಿಯುವ ಶುಲ್ಕ ಇಲ್ಲ ಎಂದು ಬರೆದೇ ಕೊಡಬೇಕು. ಎರಡು, ಆಪತ್ತಿನಲ್ಲಿ ಬಂದಿಳಿದ ವಿಮಾನಕ್ಕೂ ರೋಗಿ ಒಯ್ಯುವ ವಿಮಾನಕ್ಕೂ ಪೂರ್ತಿ ಮಾಫಿ. ಮೂರು, ಖಾಸಗಿ ಜೆಟ್ಟು, ಬಾಡಿಗೆ ವಿಮಾನಗಳಿಗೆ ತೂಕದಂತೆ ಪೂರ್ತಿ ದರ, ಅದೂ ಬಾಕಿ ಇಲ್ಲದೆ. ನಾಲ್ಕು, ಆ ದರವನ್ನು ನಿಲ್ದಾಣದ ಗೇಟಿಗೆ ಕನ್ನಡದಲ್ಲಿ ಬೋರ್ಡು ಬರೆಸಿ ತೂಗುಹಾಕಬೇಕು. ಬಸ್ ಸ್ಟ್ಯಾಂಡಿನ ಶೌಚಾಲಯದ ಮುಂದೆ ದರದ ಬೋರ್ಡು ಹಾಕಲು ಸಾಧ್ಯವಾದರೆ ವಿಮಾನ ನಿಲ್ದಾಣಕ್ಕೆ ಏನು ಧಾಡಿ?

ನೆಲ ಊರಿನದು, ಖಜಾನೆಯ ಹಣ ಜನರದು. ಬುಟ್ಟಿಯವಳು ತನ್ನ ಪಾಲಿನ ಸುಂಕ ಕೊಟ್ಟೇ ಏಳುತ್ತಾಳೆ. ಜೆಟ್ಟಿನವರೂ ಕೊಟ್ಟೇ ಏಳುವಂತೆ ಸಂಬಂಧಪಟ್ಟ ಅಧಿಕಾರಿಗಳು ಮಾಡುವರೇ? ಅಥವಾ ಬಡಪಾಯಿ ಸೆಸ್ನಾದ ಮೇಲೆಯೇ ರಶೀದಿ ಪುಸ್ತಕ ಬಿಚ್ಚುವರೇ?